ಗಡಿ ದಾಟದ ಲೈಸೆನ್ಸು

ಫೆಬ್ರವರಿ 6

ಫ್ಯೂಸಮ್ಮನಿಗೆ,

ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’ ದಾಟಿ ಮುಂದೆ ಹೋಗುವುದಿಲ್ಲ. ನೀನು ‘ಹೂಂ’ ಅಂತೀಯ, ನಾನು ‘ಸರಿ’ ಅಂತೀನಿ, ಅಲ್ಲಿಗೆ ಮುಗಿಯಿತು. ಅದಕ್ಕೇ ಕಾಗದ ಹಿಡಿದಿದ್ದೇನೆ. ಅಕ್ಷರ ನೋಡಿ ನಗಬೇಡ. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಭ್ಯಾಸವಾದ ಕೈ ಇದು. ಗೆರೆ ನೆಟ್ಟಗೆ ಬರುತ್ತದೆ, ಅಕ್ಷರ ಬರುವುದಿಲ್ಲ.

ನಿನ್ನೆ ಇಲ್ಲಿನ ಲೈಸೆನ್ಸ್ ಆಫೀಸಿಗೆ ಹೋಗಿದ್ದೆ. ಗುಮಾಸ್ತ ನನ್ನ ಕಾರ್ಡಿನ ನಕಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಇದು ಆ ರಾಜ್ಯದ್ದು. ಇಲ್ಲಿ ನಡೆಯಲ್ಲ” ಅಂದ. “ಕರೆಂಟು ಅದೇ ಅಲ್ವೇನಪ್ಪಾ” ಅಂದೆ. “ಕರೆಂಟು ಅದೇ, ಕಾನೂನು ಬೇರೆ” ಅಂದ. ಮುಖದಲ್ಲಿ ನಗುವೂ ಇಲ್ಲ, ಕೋಪವೂ ಇಲ್ಲ. ಪಾಪ, ದಿನಕ್ಕೆ ಎಷ್ಟು ಜನಕ್ಕೆ ಇದನ್ನೇ ಹೇಳಬೇಕೋ.

ವಿಷಯ ಇಷ್ಟು. ನನ್ನ ವೈರಿಂಗ್ ಲೈಸೆನ್ಸನ್ನು ಈ ರಾಜ್ಯಕ್ಕೆ ವರ್ಗಾಯಿಸಿಕೊಳ್ಳಬಹುದು. ಇಲ್ಲಿನ ನಿಯಮಗಳ ಮೇಲೆ ಒಂದು ಪೇಪರ್ ಬರೆದು ಪಾಸಾಗಬೇಕು, ಆಮೇಲೆ ಹಳೆಯ ಕಾರ್ಡನ್ನು ಇವರಿಗೆ ಒಪ್ಪಿಸಿಬಿಡಬೇಕು. ಒಬ್ಬನಿಗೆ ಒಂದೇ ರಾಜ್ಯ, ಒಂದೇ ಕಾರ್ಡು. ಆದರೆ ನಮ್ಮ ಅಂಗಡಿ ನಡೆಯುತ್ತಿರುವುದೇ ಆ ಕಾರ್ಡಿನ ಮೇಲೆ. ಅದನ್ನು ಗೋಡೆಯಿಂದ ಇಳಿಸಿದ ದಿನ ನೀನೂ ನಿನ್ನ ಸೋದರಮಾವನೂ ಶಟರ್ ಎಳೆದು ಮನೆಗೆ ಹೋಗಬೇಕಾಗುತ್ತದೆ.

ಆದ್ದರಿಂದ ನೀನು ಏಪ್ರಿಲ್ ಪರೀಕ್ಷೆಗೆ ಕೂರು. ನಿನ್ನ ಹೆಸರಿಗೆ ಲೈಸೆನ್ಸ್ ಬಂದರೆ ಅಂಗಡಿ ನಿನ್ನದರ ಮೇಲೆ ನಡೆಯುತ್ತದೆ, ನನ್ನದನ್ನು ನಾನು ಇಲ್ಲಿಗೆ ತಂದುಕೊಳ್ಳುತ್ತೇನೆ. ಅಲ್ಲಿಯವರೆಗೆ ಇಲ್ಲಿ ಲೈಸೆನ್ಸ್ ಇರುವ ಒಬ್ಬರ ಕೈಕೆಳಗೆ ನಾನು ಹೆಲ್ಪರ್. ಅವರಿಗೆ ನಿನಗಿಂತ ವಯಸ್ಸು ಕಮ್ಮಿ. ಮರಿ ಸಾಹೇಬರು ಅಂತ ಹೆಸರಿಟ್ಟಿದ್ದೇನೆ, ಮನಸ್ಸಿನಲ್ಲಿ ಮಾತ್ರ.

ಮನೆಗಳ ಕೆಲಸ ಎಷ್ಟು ಬಂದರೂ ಮಾಡು. ನಾನು ಎದುರಿಗಿಲ್ಲದಿದ್ದರೂ ಅದು ನನ್ನ ಕಾರ್ಡಿನ ಮೇಲೆ ನಡೆದುಹೋಗುತ್ತದೆ. ಗಿರಣಿ, ಕಾರ್ಖಾನೆ ಅಂತ ಬಂದವರನ್ನು ಮಾತ್ರ ಕೈಮುಗಿದು ಕಳಿಸು.

ನಿನ್ನ ಅಮ್ಮ ಹೋದ ಇಷ್ಟು ವರ್ಷದ ಮೇಲೆ ನಾನು ಬೇರೆ ರಾಜ್ಯಕ್ಕೆ ಬಂದು ಇನ್ನೊಂದು ಸಂಸಾರ ಹೂಡಿದ್ದು ನಿನಗೆ ಹಿಡಿಸಿಲ್ಲ, ಗೊತ್ತು. ರಿಜಿಸ್ಟ್ರಾರ್ ಆಫೀಸಿಗೆ ಮಾವ ಬಂದು ಸಾಕ್ಷಿ ಹಾಕಿದ, ನೀನು ಬರಲಿಲ್ಲ. ಅವತ್ತು ನಿನಗೆ ಪೋಸ್ಟಾಫೀಸಿನ ಫ್ಯಾನ್ ಕೆಲಸ ಇತ್ತು. ಇರಲಿ. ಇವಳು ತನ್ನ ಕನ್ನಡಕದ ಅಂಗಡಿಗೆ ಹೊರಡುವಾಗ, ನಿನ್ನನ್ನು ಕೇಳಿದಳು ಅಂತ ಬರೆಯಲು ಹೇಳಿದಳು, ಬರೆದಿದ್ದೇನೆ.

ನಿನ್ನ,
ಅಪ್ಪ


ಫೆಬ್ರವರಿ 25

ಅಪ್ಪ,

ಕಾಗದ ಬಂತು. ಪೋಸ್ಟ್‌ಮ್ಯಾನ್ ಅಂಗಡಿಯಲ್ಲೇ ನಿಂತು “ನಿಮ್ಮಪ್ಪ ಕಾಗದ ಬರೀತಾರಾ?” ಅಂತ ಬಾಯಿ ಬಿಟ್ಟರು. ನನಗೂ ಅಷ್ಟೇ ಆಶ್ಚರ್ಯ. ಇಷ್ಟು ಮಾತು ನಿನ್ನ ಹೊಟ್ಟೆಯಲ್ಲಿ ಇತ್ತು ಅಂತಲೇ ನನಗೆ ಗೊತ್ತಿರಲಿಲ್ಲ.

ನೀನಿಲ್ಲದೆ ಅಂಗಡಿ ಹೇಗಿದೆ ಅಂತ ಕೇಳಿಲ್ಲ, ನಾನೇ ಹೇಳುತ್ತೇನೆ. ಬಂದವರೆಲ್ಲ ನನ್ನ ತಲೆ ಮೇಲಿಂದ ಒಳಗೆ ಇಣುಕಿ “ಯಾರಾದ್ರೂ ದೊಡ್ಡವರಿದ್ರೆ ಕರಿಯಮ್ಮಾ” ಅಂತಾರೆ. ಮೂವತ್ತು ಹತ್ತಿರವಾಯಿತು, ಇನ್ನೆಷ್ಟು ದೊಡ್ಡವಳಾಗಬೇಕೋ. ಮೊನ್ನೆ ಹೊಸದಾಗಿ ಬಂದ ಹೆಂಗಸೊಬ್ಬರು ಗೋಡೆ ಮೇಲೆ ಚೌಕಟ್ಟು ಹಾಕಿದ ನಿನ್ನ ಕಾರ್ಡನ್ನೂ ಅದರಲ್ಲಿರುವ ನಿನ್ನ ಫೋಟೋವನ್ನೂ ನೋಡಿ, ದನಿ ಇಳಿಸಿ, “ಯಾವಾಗ ಹೋದ್ರು ಪಾಪ?” ಅಂದರು. ಮಾವ ಕೌಂಟರಿನಿಂದ ತಲೆಯೆತ್ತದೆ “ಡಿಸೆಂಬರ್‌ನಲ್ಲಿ” ಅಂದ. ಆಕೆ ಲೊಚಗುಟ್ಟಿ ಎರಡು ಬಲ್ಬು ತೆಗೆದುಕೊಂಡು ಹೋದರು. ಮಾವ ಮಧ್ಯಾಹ್ನದವರೆಗೂ ನಕ್ಕ. ನನಗೆ ನಗು ಬರಲಿಲ್ಲ.

ಪರೀಕ್ಷೆಗೆ ಅರ್ಜಿ ಹಾಕಿದ್ದೇನೆ. ಹಾಲ್ ಟಿಕೆಟ್ಟಿನ ಫೋಟೋಗೆ ಕಿವಿ ಕಾಣಬೇಕಂತೆ. ಎರಡು ಸಲ ತೆಗೆಸಿದೆ. ಕರೆಂಟ್ ಕೆಲಸಕ್ಕೂ ನನ್ನ ಕಿವಿಗೂ ಏನು ಸಂಬಂಧವೋ ದೇವರಿಗೇ ಗೊತ್ತು.

ಈ ವಯಸ್ಸಿನಲ್ಲಿ ನಿನ್ನನ್ನು ಹೆಲ್ಪರ್ ಮಾಡಿಕೊಂಡಿದ್ದಾರಲ್ಲ, ಕೇಳಿ ಹೊಟ್ಟೆ ಉರಿಯಿತು. ಕನ್ನಡಕದ ಅಂಗಡಿಯವರಿಗೆ ಅದು ಕಾಣುತ್ತಿಲ್ಲವಾ? ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಕಾಣಬೇಕಿತ್ತು.

ಅವರು ಕೇಳಿದ್ದಕ್ಕೆ, ಚೆನ್ನಾಗಿದ್ದೇನೆ ಅಂತ ಹೇಳು.

ಮಗಳು


ಮಾರ್ಚ್ 22

ಫ್ಯೂಸಮ್ಮ,

ನಿನ್ನಪ್ಪ ಫೇಲ್. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಆಮೇಲೆ ನೀನು ನಿಧಾನವಾಗಿ ನಗು.

ಇಲ್ಲಿನ ನಿಯಮದ ಪೇಪರು. ಸ್ವಿಚ್‌ಬೋರ್ಡು ನೆಲದಿಂದ ಎಷ್ಟು ಎತ್ತರದಲ್ಲಿರಬೇಕು ಅಂತ ಕೇಳಿದ್ದರು. ಪೆನ್ನು ತಾನಾಗಿಯೇ ನಮ್ಮ ಕಡೆಯ ಲೆಕ್ಕ ಬರೆಯಿತು, ಭುಜದೆತ್ತರ. ಇಲ್ಲಿ ಸೊಂಟದೆತ್ತರ. ಪುಸ್ತಕದಲ್ಲಿ ಅದನ್ನು ನೂರು ಸಲ ಓದಿದ್ದೆ, ಇವಳು ಪ್ರಶ್ನೆ ಕೇಳಿ ಕೇಳಿ ಬಾಯಿಪಾಠ ಮಾಡಿಸಿದ್ದಳು. ಆದರೂ ಬರೆಯುವಾಗ ಅಂಗಡಿಯ ಗೋಡೆ ಕಣ್ಣ ಮುಂದೆ ಬಂತು, ಕೈ ಅಲ್ಲಿಗೇ ಹೋಯಿತು. ಅರ್ಥಿಂಗ್ ಗುಂಡಿ ಗೋಡೆಯಿಂದ ಎಷ್ಟು ದೂರ ಅನ್ನುವುದರಲ್ಲೂ ಹಾಗೇ ಆಯಿತು. ಅಕ್ಕಪಕ್ಕ ಮೀಸೆ ಮೂಡದ ಹುಡುಗರು. ಒಬ್ಬ “ಅಂಕಲ್, ನೀವು ಮೇಲ್ವಿಚಾರಕರಾ?” ಅಂತ ಕೇಳಿದ್ದ. ಹೊರಗೆ ಬಂದಾಗ ಅವನಿಗೆ ನಾನು ಯಾರು ಅಂತ ಗೊತ್ತಾಗಿತ್ತು.

ಹೆಲ್ಪರ್ ಕೆಲಸ ನೀನಂದುಕೊಂಡಷ್ಟು ಕೆಟ್ಟದ್ದಲ್ಲ. ಮರಿ ಸಾಹೇಬರು ಒಳ್ಳೆಯ ಹುಡುಗ, ಮಾತಿನಲ್ಲಿ ಮರ್ಯಾದೆ ಇದೆ. ಬೆಳಿಗ್ಗೆ ಏಣಿ, ಪೈಪು, ವೈರಿನ ಸುರುಳಿ ನಾನು ಹೊರುತ್ತೇನೆ, ಸಂಜೆ ಅದನ್ನೇ ವಾಪಸ್ ಹೊರುತ್ತೇನೆ. ಮಧ್ಯೆ ಅವರು ಮೇಲೆ ಹತ್ತಿ ಸ್ಕ್ರೂಡ್ರೈವರ್ ಕೇಳಿದರೆ ಕೊಡುವುದು. ಅವರು ಕೇಳುವ ಮೊದಲೇ ಕೊಟ್ಟುಬಿಡುತ್ತೇನೆ, ಅದೊಂದು ಅವರಿಗೆ ಸ್ವಲ್ಪ ಮುಜುಗರ. ನೀನು ಚಿಕ್ಕವಳಿದ್ದಾಗ ನನಗೆ ಹಾಗೇ ಕೊಡುತ್ತಿದ್ದೆ. ಎಡಭುಜ ಮಾತ್ರ ಸಂಜೆಯಾದರೆ ಮಾತು ಕೇಳುವುದಿಲ್ಲ.

ಸುಸ್ತಾಗುತ್ತದೆ ಮಗಳೇ. ಮೈ ಸುಸ್ತು ಬೇರೆ. ಗೊತ್ತಿರುವ ಕೆಲಸವನ್ನು ಗೊತ್ತು ಅಂತ ಕಾಗದದಲ್ಲಿ ತೋರಿಸಬೇಕಲ್ಲ, ಆ ಸುಸ್ತು ಬೇರೆ.

ನೀನು ಚೆನ್ನಾಗಿ ಬರೆ. ಪ್ರಾಕ್ಟಿಕಲ್‌ನಲ್ಲಿ ಅವಸರ ಮಾಡಬೇಡ. ನೀನು ಪಾಸಾಗುವುದರಲ್ಲಿ ನನಗೆ ಅನುಮಾನವಿಲ್ಲ, ಆದರೂ ಹೇಳಬೇಕೆನಿಸಿತು.

ನಿನ್ನ,
ಅಪ್ಪ


ಮೇ 9

ಅಪ್ಪ,

ಆಗಲಿಲ್ಲ. ಬರೆಯುವ ಪೇಪರ್ ಪರವಾಗಿಲ್ಲ, ಪ್ರಾಕ್ಟಿಕಲ್‌ನಲ್ಲಿ ಹೋಯಿತು. ಮೆಟ್ಟಿಲಿನ ಲೈಟು ಕೊಟ್ಟಿದ್ದರು, ಕೆಳಗೊಂದು ಸ್ವಿಚ್, ಮೇಲೊಂದು. ಗಾಬರಿಯಲ್ಲಿ ವೈರು ಅದಲುಬದಲು ಮಾಡಿದೆ.

ಇನ್ನು ಆಗಸ್ಟ್‌ನಲ್ಲಿ ಪರೀಕ್ಷೆ. ಅಲ್ಲಿಯವರೆಗೆ ನಿನ್ನ ಕಾರ್ಡು ಗೋಡೆ ಮೇಲೇ ಇರಬೇಕು. ನಿನಗೆ ತೊಂದರೆಯಾಯಿತು, ಏನು ಮಾಡಲಿ.

ಮಹಡಿ ಮೇಲೆ ನಿನ್ನ ಕೋಣೆ ಗುಡಿಸಿ ಇಟ್ಟಿದ್ದೇನೆ. ಹಾಗೇ ತಿಳಿಸಿದೆ.

ಮಗಳು


ಮೇ 20

ಫ್ಯೂಸಮ್ಮ,

ನಿನ್ನ ಕಾಗದ ಓದಿ ಬೇಜಾರಾಯಿತು. ನಿನ್ನ ಮೇಲಲ್ಲ. ಮೆಟ್ಟಿಲಿನ ಲೈಟಿನಲ್ಲಿ ಹೋಯಿತು ಅಂತೀಯಲ್ಲ, ನಮ್ಮ ಮೆಟ್ಟಿಲಿನ ಲೈಟು ಹಾಕಿದ್ದೇ ನೀನು, ಹೈಸ್ಕೂಲಿನಲ್ಲಿದ್ದಾಗ. ನಿನ್ನ ಅಮ್ಮ ಕೆಳಗೊಮ್ಮೆ ಮೇಲೊಮ್ಮೆ ಹತ್ತಿ ಇಳಿದು ಆರಿಸಿ ಹೊತ್ತಿಸಿ ಆಟ ಆಡಿದ್ದಳು. ಪರೀಕ್ಷೆ ಹಾಲಿನಲ್ಲಿ ಏನಾಯಿತೋ. ನನಗೇ ಕೈಕೊಟ್ಟ ಮೇಲೆ ನಿನ್ನನ್ನು ಏನಂತ ಕೇಳಲಿ.

ನನ್ನ ಬಗ್ಗೆ ಚಿಂತೆ ಬೇಡ. ಆಗಸ್ಟ್‌ವರೆಗೆ ಏಣಿ ಹೊತ್ತರೆ ನಾನೇನೂ ಸವೆದುಹೋಗುವುದಿಲ್ಲ. ಇವಳು ಭುಜಕ್ಕೆ ಎಣ್ಣೆ ತಿಕ್ಕುತ್ತಾಳೆ, ಕನ್ನಡಕದ ಸಣ್ಣ ಸ್ಕ್ರೂ ಬಿಗಿಸುವ ಬೆರಳುಗಳು, ಸರಿಯಾದ ಜಾಗ ಹುಡುಕುತ್ತವೆ. ಹೀಗೆ ಬರೆದರೆ ನೀನು ಮೂಗು ಮುರಿಯುತ್ತೀಯ. ಬರೆಯದಿದ್ದರೆ ನನ್ನ ಬಗ್ಗೆ ಬರೆಯಲು ಉಳಿಯುವುದು ಏಣಿಯೊಂದೇ.

ಕೋಣೆ ಗುಡಿಸಿದ್ದಕ್ಕೆ ಸಂತೋಷ. ಅದರಲ್ಲಿ ಸಾಮಾನು ಇಡು, ಖಾಲಿ ಬಿಡಬೇಡ.

ನಿನ್ನ,
ಅಪ್ಪ


ಆಗಸ್ಟ್ 30

ಅಪ್ಪ,

ಬರೆದು ಬಹಳ ದಿನವಾಯಿತು, ಬೈಯಬೇಡ. ಕೈತುಂಬ ಕೆಲಸ.

ಒಂದು ಒಳ್ಳೆಯ ಸುದ್ದಿ. ನಮ್ಮ ಬೀದಿ ತಿರುವಿನ ಹಿಟ್ಟಿನ ಗಿರಣಿಯವರು ಹಳೆಯ ವೈರಿಂಗ್ ಎಲ್ಲ ಕಿತ್ತು ಹೊಸದು ಮಾಡಿಸಿದರು. ಪೂರ್ತಿ ತ್ರೀ ಫೇಸ್, ನಾನೇ ಮಾಡಿದೆ. ಹಳೆಯ ಪೈಪಿನ ಒಳಗೆಲ್ಲ ಹಿಟ್ಟು ಗಟ್ಟಿಯಾಗಿ ಕೂತಿತ್ತು, ತೆಗೆಯುವಾಗ ನಾನೂ ಮಾವನೂ ಬೆಳ್ಳಗಾದೆವು. ಮಾವನಿಗೆ ಹದಿನೈದು ವರ್ಷ ಹೆಚ್ಚಾದ ಹಾಗೆ ಕಂಡಿತು. ಪ್ಯಾನೆಲ್ ಬೋರ್ಡಿನ ಒಳಗೆ ವೈರುಗಳನ್ನು ನೀನು ಕಟ್ಟುವ ಹಾಗೇ ಕಟ್ಟಿದೆ, ಒಂದರ ಮೇಲೊಂದು ಹಾಯದ ಹಾಗೆ, ಮೂಲೆಯಲ್ಲಿ ಒಟ್ಟಿಗೆ ತಿರುಗುವ ಹಾಗೆ. ಇನ್ಸ್‌ಪೆಕ್ಟರ್ ಬಂದು ಬಾಗಿಲು ತೆಗೆದು ನೋಡಿದರು. ಮೋಟರು ಓಡಿಸಿದರು, ಅರ್ಥಿಂಗ್ ಅಳೆದರು, ಎಲ್ಲ ಮುಗಿದ ಮೇಲೆ ಮತ್ತೊಮ್ಮೆ ಬೋರ್ಡಿನ ಬಾಗಿಲು ತೆಗೆದು “ಇದನ್ನ ನೋಡಿದ್ರೆ ಮುಚ್ಚೋಕೆ ಮನಸ್ಸು ಬರಲ್ಲ ಕಣಮ್ಮಾ” ಅಂದರು. ಆ ಮನುಷ್ಯ! ನಿನಗೆ ಒಂದು ದಿನವಾದರೂ ಒಳ್ಳೆಯ ಮಾತು ಹೇಳಿದ್ದುಂಟಾ? ಅಲ್ಲೇ ನಿಂತು ಮೀಟರಿಗೆ ಸೀಲು ಹಾಕಿಕೊಟ್ಟು ಹೋದರು. ಗಿರಣಿಯವರು ಗಿರಾಕಿಗಳನ್ನೆಲ್ಲ ಕರೆದು ಬೋರ್ಡು ತೋರಿಸುತ್ತಿದ್ದಾರೆ, ಅವರಿಗೆ ಏನು ತಿಳಿಯುತ್ತದೋ. ಈಗ ಯಾರೂ ದೊಡ್ಡವರನ್ನು ಕರಿ ಅನ್ನುವುದಿಲ್ಲ.

ನೀನು ನೋಡಬೇಕಿತ್ತು. ಅಷ್ಟೇ.

ಈ ಸಲದ ಪರೀಕ್ಷೆಗೆ ಹೋಗಲಾಗಲಿಲ್ಲ, ಜ್ವರ ಬಂದಿತ್ತು. ಇನ್ನು ಮುಂದಿನ ವರ್ಷವೇ. ನನ್ನಿಂದ ಆಗುತ್ತದೋ ಇಲ್ಲವೋ ಅಂತ ಈಗೀಗ ಅನಿಸುತ್ತದೆ. ನೀನು ಇನ್ನೂ ಎಷ್ಟು ದಿನ ಆ ಹುಡುಗನ ಹಿಂದೆ ಏಣಿ ಹೊತ್ತುಕೊಂಡು ತಿರುಗುತ್ತೀಯ? ಕಾರ್ಡು ಇಲ್ಲಿದೆ, ಅಂಗಡಿ ಇಲ್ಲಿದೆ, ನಿನ್ನ ಕೋಣೆ ಇಲ್ಲಿದೆ. ಬಂದುಬಿಡು ಅಪ್ಪ. ಅವರನ್ನೂ ಬೇಕಾದರೆ ಕರೆದುಕೊಂಡು ಬಾ. ಕನ್ನಡಕ ಹಾಕಿಕೊಳ್ಳುವವರು ಇಲ್ಲೂ ಇದ್ದಾರೆ.

ಮಗಳು


ಸೆಪ್ಟೆಂಬರ್ 12

ಫ್ಯೂಸಮ್ಮ,

ನಿನ್ನ ಗಿರಣಿಯ ವರ್ಣನೆ ಎರಡು ಸಲ ಓದಿದೆ. ಮೊದಲ ಸಲ ಸುಮ್ಮನೆ ಖುಷಿಗೆ. ಆ ಇನ್ಸ್‌ಪೆಕ್ಟರ್ ಬಾಯಲ್ಲಿ ಅಂಥ ಮಾತು ಬಂತು ಅಂದರೆ ಬೋರ್ಡು ಹೇಗಿದ್ದಿರಬೇಕು!

ಎರಡನೇ ಸಲ ಓದುವಾಗ ಸೀಲು ಅನ್ನುವ ಕಡೆ ನಿಂತೆ. ಲೈಸೆನ್ಸ್ ಇರುವವನು ಎದುರಿಗೆ ನಿಂತು ಸಹಿ ಹಾಕದೆ ಆ ಮನುಷ್ಯ ಗಿರಣಿಯ ಮೀಟರಿಗೆ ಸೀಲು ಹಾಕುವವನಲ್ಲ. ನಾನು ಜ್ವರದಲ್ಲಿ ಮಲಗಿದ್ದಾಗ ಕಂಬಳಿ ಸಮೇತ ಕರೆಸಿಕೊಂಡು ಸಹಿ ಹಾಕಿಸಿಕೊಂಡ ಆಸಾಮಿ ಅವನು. ನಾನು ಅಲ್ಲಿರಲಿಲ್ಲ. ನಿನ್ನ ಮಾವನಿಗೆ ಲೈಸೆನ್ಸ್ ಇಲ್ಲ. ಅಂದ ಮೇಲೆ ಸಹಿ ಹಾಕಿದ್ದು ನೀನೇ. ಹಾಕಲು ನಿನ್ನ ಹೆಸರಿನಲ್ಲಿ ಕಾರ್ಡು ಇದೆ.

ಕೆಲಸದ ಹೆಮ್ಮೆಯಲ್ಲಿ ಸುಳ್ಳು ಮರೆತುಬಿಟ್ಟೆಯಲ್ಲ ಮಗಳೇ. ನಾನಾಗಿದ್ದರೂ ಅಲ್ಲೇ ಸಿಕ್ಕಿಬೀಳುತ್ತಿದ್ದೆ.

ಕೋಪ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ, ಬಂತು. ಆದರೆ ಅದಕ್ಕೆ ಮೊದಲು ಇವಳನ್ನು ಕೂಗಿ “ನನ್ನ ಮಗಳು ಪಾಸಾಗಿದ್ದಾಳೆ” ಅಂದೆ. “ಫೇಲ್ ಅಂತ ಬರ್ದಿದ್ಲಲ್ಲಾ?” ಅಂದಳು. “ಹೌದು” ಅಂದೆ. ಇವಳು ನನ್ನ ಮುಖ ನೋಡಿದಳು. ಚಹಾಕ್ಕೆ ನೀರಿಟ್ಟಳು.

ನೀನು ಯಾಕೆ ಮುಚ್ಚಿಟ್ಟೆ ಅಂತ ನಾನು ಕೇಳುವುದಿಲ್ಲ. ನಿನಗೆ ಲೈಸೆನ್ಸ್ ಬಂದರೆ ನನ್ನದು ಗೋಡೆಯಿಂದ ಇಳಿಯುತ್ತದೆ. ಅದು ಗೋಡೆ ಮೇಲೆ ಇರುವಷ್ಟು ದಿನ ನಾನು ಒಂದಲ್ಲ ಒಂದು ದಿನ ಬಂದೇ ಬರುತ್ತೇನೆ ಅಂತ ನಿನ್ನ ಲೆಕ್ಕ. ನನ್ನ ಲೆಕ್ಕವೂ ಬಹಳ ಬೇರೆ ಇರಲಿಲ್ಲ. ನೀನು ಫೇಲ್ ಅಂತ ಬರೆದಾಗ ಬೇಜಾರಾಯಿತು ಅಂತ ಬರೆದೆನಲ್ಲ, ಅದರ ಜೊತೆಗೇ ಒಂಥರಾ ಸಮಾಧಾನವೂ ಆಗಿತ್ತು. ನಾನಿಲ್ಲದೆ ಅಲ್ಲಿ ನಡೆಯುವುದಿಲ್ಲ ಅಂತ ಹೇಳಿಕೊಂಡು ಏಣಿ ಹೊರುವುದು ಸುಲಭವಾಗಿತ್ತು.

ಈಗ ನೆಟ್ಟಗೆ ಹೇಳುತ್ತೇನೆ. ನಾನು ವಾಪಸು ಬರುವುದಿಲ್ಲ. ಇವಳ ಅಂಗಡಿ ಇಲ್ಲಿದೆ, ಇವಳ ವಯಸ್ಸಾದ ತಂದೆ ಇಲ್ಲಿದ್ದಾರೆ. ಅಷ್ಟೇ ಕಾರಣವಲ್ಲ. ನನಗೆ ಇಲ್ಲಿ ಹಿತವಾಗಿದೆ. ಸಂಜೆ ಮನೆಗೆ ಬಂದರೆ ಇವತ್ತೇನಾಯಿತು ಅಂತ ಕೇಳುವವರಿದ್ದಾರೆ, ಹೇಳಿದರೆ ಕೇಳುತ್ತಾರೆ. ನಿನ್ನ ಅಮ್ಮ ಹೋದ ಮೇಲೆ ನೀನೂ ನಾನೂ ಒಂದೇ ಮನೆಯಲ್ಲಿ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿದ್ದು ನೆನಪಿದೆಯಾ? ನನಗಿಲ್ಲ. ತಪ್ಪು ಯಾರದೂ ಅಲ್ಲ, ಇಬ್ಬರಿಗೂ ಬರುತ್ತಿರಲಿಲ್ಲ.

ವರ್ಗಾವಣೆಗೆ ಇನ್ನೊಂದು ಕಾಗದ ಬೇಕು. ಹಿಂದೆ ಕೆಲಸ ಮಾಡಿದ ಸಂಸ್ಥೆಯ ಈಗಿನ ಲೈಸೆನ್ಸ್‌ದಾರರು ಅನುಭವ ಪತ್ರ ಕೊಡಬೇಕು. ಅದು ನೀನು. ಇಲ್ಲಿನ ಲೈಸೆನ್ಸ್ ಮಂಡಳಿಯವರು ಕೊಟ್ಟ ನಮೂನೆ ಇದರ ಜೊತೆ ಇಟ್ಟಿದ್ದೇನೆ. ನನ್ನ ಕಾರ್ಡಿನ ಜೊತೆ ಅವರಿಗೇ ಕಳಿಸಬೇಕು. ಕೊಡಲೇಬೇಕು ಅಂತ ನಾನು ಹೇಳುವುದಿಲ್ಲ. ನೀನು ಕೊಡದಿದ್ದರೆ ನಾನು ಕೊನೆಯವರೆಗೂ ಹೆಲ್ಪರ್, ಇದೇ ಊರಿನಲ್ಲಿ.

ನಿನ್ನ,
ಅಪ್ಪ


ಸೆಪ್ಟೆಂಬರ್ 21

ಅಪ್ಪ,

ಹೌದು, ಏಪ್ರಿಲ್‌ನಲ್ಲೇ ಪಾಸಾದೆ. ಮೊದಲ ಸಲಕ್ಕೇ. ಮೆಟ್ಟಿಲಿನ ಲೈಟು ಕೊಟ್ಟಿದ್ದು ನಿಜ, ನನ್ನದೇ ಎಲ್ಲರಿಗಿಂತ ಮುಂಚೆ ಹೊತ್ತಿತು.

ರಿಸಲ್ಟ್ ಬಂದ ದಿನ ಓಡಿಕೊಂಡು ಮಹಡಿ ಹತ್ತಿದೆ. ಬಾಗಿಲಿಗೆ ಬೀಗ. ಬೀಗ ಹಾಕಿದ್ದು ನಾನೇ, ಕೀಲಿ ನನ್ನ ಕೈಯಲ್ಲೇ ಇತ್ತು. ಆದರೂ ಒಂದು ಕ್ಷಣ, ಅಪ್ಪ ಎಲ್ಲಿಗೆ ಹೋದ ಅಂದುಕೊಂಡೆ. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಮಾವ ಕೆಳಗಿನಿಂದ “ಏನಾಯ್ತೇ?” ಅಂತ ಕೂಗಿದ. “ಪಾಸು” ಅಂದೆ. “ಅದಕ್ಕೆ ಯಾಕೆ ಅಳ್ತೀಯ?” ಅಂದ. ನಿನಗೆ ತಿಳಿಸು, ತಿಳಿಸು ಅಂತ ಮಾವ ಆವತ್ತಿನಿಂದ ಹೇಳುತ್ತಲೇ ಇದ್ದಾನೆ. ಅವನನ್ನು ಬೈಯಬೇಡ.

ನಾವು ಬೇರೆ ಮಾತಾಡಲಿಲ್ಲ ಅಂತ ಬರೆದಿದ್ದೀಯ. ನನಗೆ ಅದೇ ಮಾತು ಅಪ್ಪ. ಏಣಿ ಕೆಳಗೆ ನಾನು ನಿಂತಿದ್ದಾಗ ನೀನು ನೋಡದೆ ಕೈ ಚಾಚುತ್ತಿದ್ದೆಯಲ್ಲ, ನನಗೆ ಅಷ್ಟು ಸಾಕಾಗಿತ್ತು. ನಿನಗೆ ಸಾಕಾಗಿರಲಿಲ್ಲ ಅಂತ ಈಗ ಹೇಳುತ್ತಿದ್ದೀಯ. ಇಷ್ಟು ವರ್ಷ ಒಂದೇ ಛಾವಣಿಯ ಕೆಳಗೆ ಇದ್ದವಳಿಗೆ ಇದನ್ನು ಕಾಗದದಲ್ಲಿ ತಿಳಿಸುತ್ತೀಯ.

ನಮೂನೆ ನೋಡಿದೆ. ನಾನು ಬರೆದುಕೊಡುವುದಿಲ್ಲ. ನಿನ್ನನ್ನು ಕಳಿಸುವ ಕಾಗದಕ್ಕೆ ನನ್ನ ಕೈಯಲ್ಲೇ ಸಹಿ ಹಾಕಿಸಬೇಡ. ನಿನ್ನ ಏಣಿ ನೀನೇ ಹೊತ್ತುಕೋ.

ಮಗಳು


ನವೆಂಬರ್ 8

ಫ್ಯೂಸಮ್ಮ,

ಉತ್ತರ ಬರೆಯಬೇಕೆಂದು ಕೂತು ಎರಡು ಮೂರು ಸಲ ಎದ್ದುಹೋದೆ. ಅನುಭವ ಪತ್ರದ ಮಾತು ಇನ್ನು ಎತ್ತುವುದಿಲ್ಲ. ಇದು ಬರೀ ಸುದ್ದಿ ತಿಳಿಸಲು.

ನಿಯಮದ ಪೇಪರು ಮೂರನೇ ಸಲಕ್ಕೆ ಪಾಸಾಯಿತು. ಗುಮಾಸ್ತ ಎದ್ದು ನಿಂತು ಕೈಕುಲುಕಿದ. ಅವನಿಗೂ ನನ್ನ ಮುಖ ನೋಡಿ ನೋಡಿ ಸಾಕಾಗಿತ್ತು.

ಮರಿ ಸಾಹೇಬರು ಈಗ ಬೋರ್ಡು ಕಟ್ಟುವ ಕೆಲಸ ನನಗೇ ಬಿಡುತ್ತಾರೆ. ಹೋದ ವಾರ ಒಂದು ಶಾಲೆಯ ಪೂರ್ತಿ ಬೋರ್ಡು ನಾನೇ ಮಾಡಿದೆ. ಇನ್ಸ್‌ಪೆಕ್ಟರ್ ಬಂದಾಗ ನಾನು ಏಣಿ ಹಿಡಿದುಕೊಂಡು ಬಾಗಿಲ ಪಕ್ಕಕ್ಕೆ ಸರಿದು ನಿಂತೆ, ಮರಿ ಸಾಹೇಬರು ಸಹಿ ಹಾಕಿದರು. ಹೆಡ್‌ಮಾಸ್ಟರು ಅವರಿಗೆ ಚಹಾ ಕೊಟ್ಟರು. ಅವರು ತಮ್ಮ ಲೋಟ ತಂದು ನನ್ನ ಕೈಗಿಟ್ಟರು. ಆ ಹುಡುಗನಿಗೆ ಅದಕ್ಕಿಂತ ಹೆಚ್ಚು ಏನು ಮಾಡಲಾಗುತ್ತದೆ ಹೇಳು. ಅವತ್ತು ಮನೆಗೆ ಬಂದು ಊಟ ಬೇಡ ಅಂತ ಮಲಗಿದೆ.

ನಿನಗೆ ಸಾಕಾಗಿತ್ತು ಅಂತ ಬರೆದೆಯಲ್ಲ, ಅದನ್ನು ಬಹಳ ದಿನ ಯೋಚಿಸಿದೆ. ನೀನು ಏಣಿಯ ಕೆಳಗಿದ್ದಷ್ಟು ವರ್ಷ ನಾನು ಒಂದು ದಿನವೂ ಹೆದರಿಕೊಂಡು ಹತ್ತಲಿಲ್ಲ. ಅದನ್ನು ಇಳಿದು ಬಂದು ಹೇಳಬೇಕಿತ್ತು, ಹೇಳಲಿಲ್ಲ.

ನಿನ್ನ ಕಾರ್ಡನ್ನು ಬೀರುವಿನಲ್ಲಿ ಇಟ್ಟಿದ್ದೀಯ ಅಂತ ಮಾವ ಫೋನಿನಲ್ಲಿ ಹೇಳಿದ. ಅದು ನ್ಯಾಯವಲ್ಲ. ಪಾಸಾದವಳು ನೀನು, ಕೆಲಸ ಮಾಡುವವಳು ನೀನು. ನನ್ನದನ್ನು ಇಳಿಸಿ ಎಲ್ಲಿಗಾದರೂ ಹಾಕು, ನಿನ್ನದನ್ನು ತೂಗುಹಾಕು. ಬಂದವರಿಗೆ ಕಾಣಲಿ.

ನಿನ್ನ,
ಅಪ್ಪ


ಡಿಸೆಂಬರ್ 3

ಇವರಿಗೆ,
ಕಾರ್ಯದರ್ಶಿಗಳು,
ವಿದ್ಯುತ್ ಪರವಾನಗಿ ಮಂಡಳಿ

ಮಾನ್ಯರೇ,

ವಿಷಯ: ಪರವಾನಗಿ ವರ್ಗಾವಣೆಗಾಗಿ ಅನುಭವ ಪತ್ರ

ಅರ್ಜಿದಾರರ ಮೂಲ ಕಾರ್ಡನ್ನು ಇದರೊಂದಿಗೆ ಕಳಿಸಿದ್ದೇನೆ. ಅವರು ನಮ್ಮ ಸಂಸ್ಥೆಯನ್ನು ಕಟ್ಟಿ, ಕಳೆದ ವರ್ಷದ ಕೊನೆಯವರೆಗೂ ನಡೆಸಿದವರು. ಈಗ ಪರವಾನಗಿ ಇರುವವಳು ನಾನು. ರಕ್ತಸಂಬಂಧಿಗಳು ಈ ಪತ್ರ ಕೊಡಬಾರದೆಂಬ ನಿಯಮ ಇಲ್ಲವೆಂದು ತಮ್ಮ ಕಚೇರಿಗೆ ಫೋನ್ ಮಾಡಿ ಕೇಳಿಕೊಂಡಿದ್ದೇನೆ. ನಮೂನೆಯಲ್ಲಿ ಜಾಗ ಸಾಲದ್ದರಿಂದ ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ, ಮನ್ನಿಸಬೇಕು.

ಕೆಲಸದ ಅನುಭವ: ನಮ್ಮ ಊರಿನ ಅರ್ಧದಷ್ಟು ಮನೆಗಳಲ್ಲಿ ದೀಪ ಹೊತ್ತುವುದು ಇವರು ಎಳೆದ ವೈರಿನಿಂದ. ಮನೆ, ಗಿರಣಿ, ಆಸ್ಪತ್ರೆ ಎಲ್ಲ ಬಗೆಯ ಕೆಲಸ ಮಾಡಿದ್ದಾರೆ. ಒಮ್ಮೆ ಗೋಡೆಗೆ ಗಾರೆ ಹಾಕಿ ಬಣ್ಣ ಹೊಡೆದು ಮುಗಿದ ಮೇಲೆ, ಒಳಗಿನ ಒಂದು ಜೋಡಣೆ ಸರಿ ಬಿಗಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ತಾವೇ ಹೋಗಿ ಗೋಡೆ ಒಡೆದು ನೋಡಿದರು. ಸರಿಯಾಗಿಯೇ ಇತ್ತು. ಮನೆಯವರು ಬೈದರು. ಇವರು ಬೈಸಿಕೊಂಡು, ಗಾರೆ ಹಾಕಿಕೊಟ್ಟು ಬಂದರು.

ಇತರರಿಗೆ ಕಲಿಸುವ ಸಾಮರ್ಥ್ಯ: ನನಗೆ ಕಲಿಸಿದವರು ಇವರು. ನಾನು ಮೊದಲ ಸಲಕ್ಕೇ ಪಾಸಾಗಿದ್ದೇನೆ.

ನಡತೆ: ಒಳ್ಳೆಯದು. ಮಾತು ಕಡಿಮೆ. ಮುಖ್ಯವಾದದ್ದನ್ನು ಕೇಳಿದರೂ ಹೇಳುವುದಿಲ್ಲ, ಬಹಳ ತಡವಾಗಿ ಕಾಗದದಲ್ಲಿ ಬರೆಯುತ್ತಾರೆ. ಇದು ವಂಶದಲ್ಲೇ ಇದೆ.

ದೇಹಸ್ಥಿತಿ: ಗಟ್ಟಿ. ಎಡಭುಜದಲ್ಲಿ ನೋವಿದೆಯೆಂದು ತಿಳಿದುಬಂದಿದೆ. ಇವರಿಂದ ಬೇರೆಯವರ ಏಣಿ ಹೊರಿಸುವುದು ಇಲ್ಲಿಗೆ ನಿಲ್ಲಬೇಕೆಂದು ಕೋರುತ್ತೇನೆ.

ಸಂಸ್ಥೆಯನ್ನು ಬಿಟ್ಟ ಕಾರಣ: ಈ ಅಂಕಣವನ್ನು ತುಂಬಲು ನನಗೆ ಬಹಳ ದಿನ ಹಿಡಿಯಿತು. ಕೆಲಸದಲ್ಲಿ ತಪ್ಪಾಗಿಲ್ಲ. ನಾವು ಹೋಗೆಂದಿಲ್ಲ. ಜಗಳವಾದದ್ದು ಆಮೇಲೆ. ನಮ್ಮ ಮನೆಯವರೆಲ್ಲ ಒಪ್ಪಿ, ಮದುವೆ ಮಾಡಿ ಕಳಿಸಿಕೊಟ್ಟಿದ್ದೇವೆ. ಚೆನ್ನಾಗಿ ನೋಡಿಕೊಳ್ಳಬೇಕು.

ತಮ್ಮ ವಿಶ್ವಾಸಿ,
(ಸಹಿ)
ಪರವಾನಗಿದಾರರು
ಅರ್ಜಿದಾರರೊಂದಿಗೆ ಸಂಬಂಧ: ಮಗಳು